ಲಿನಕ್ಸ್‌ನಲ್ಲಿ ಸೌಂಡ್ ತಡವಾಗಿ ಬರುತ್ತಿದೆ: ಪದ ಒಂದು ಕಡೆ, ತಾಳ ಒಂದು ಕಡೆ

ಸಿಂಧನೂರು ಭಜನೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮುತ್ಯಾ ಭಜನೆ ಮೇಳದಲ್ಲಿ ತತ್ವಪದ ಹಾಡುತ್ತಾರೆ. ಈಗ 76 ವರ್ಷ. ಅವರ ಬಾಯಲ್ಲಿರುವ ಕೆಲವು ಪದಗಳನ್ನು ನಾನು ಬೇರೆ ಯಾರ ಹತ್ತಿರವೂ ಕೇಳಿಲ್ಲ, ಮನೆಯಲ್ಲಿ ಬರೆದಿಟ್ಟವರೂ ಇಲ್ಲ. ಹೋದ ಚಳಿಗಾಲದಲ್ಲಿ ಕೆಮ್ಮು ಹಿಡಿದು ಒಂದು ತಿಂಗಳು ಅವರ ದನಿಯೇ ಏಳಲಿಲ್ಲ. ಆವಾಗಲೇ ನನಗೆ ಭಯ ಆಯಿತು, ಇನ್ನು ತಡ ಮಾಡಬಾರದು, ಇವನ್ನೆಲ್ಲ ರೆಕಾರ್ಡ್ ಮಾಡಿಡಬೇಕು ಅಂತ.

ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಐ3, 8 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್ 22. ಎರಡು ಮೈಕ್ ಹಾಕುವಂಥ ಸಣ್ಣ ಯುಎಸ್‌ಬಿ ಆಡಿಯೋ ಪೆಟ್ಟಿಗೆ ತಂದೆ. ರೆಕಾರ್ಡಿಂಗ್ ಅಡಾಸಿಟಿಯಲ್ಲಿ. ಮೊದಲು ಮುತ್ಯಾ ಹಾರ್ಮೋನಿಯಂ ಹಿಡಿದು ಹಾಡುವುದು, ಆಮೇಲೆ ಅದನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತಾ ನಮ್ಮ ಕಾಕಾ ತಾಳ ಹಾಕುವುದು, ಹೀಗೆ ಅಂದುಕೊಂಡಿದ್ದೆ. ಒಂದೇ ಕೋಣೆಯಲ್ಲಿ ಇಬ್ಬರೂ ಕೂತರೆ ತಾಳದ ಸದ್ದು ಮುತ್ಯಾನ ದನಿಯನ್ನು ನುಂಗಿಬಿಡುತ್ತದೆ.

ತೊಂದರೆ ಎರಡು. ಮುತ್ಯಾ ಹೆಡ್‌ಫೋನ್ ಹಾಕಿಕೊಂಡು ಹಾಡಿದರೆ ಅವರ ದನಿ ಅವರಿಗೇ ತಡವಾಗಿ ಕೇಳುತ್ತದೆ, ಎರಡು ಸಾಲು ಹಾಡಿ ನಿಲ್ಲಿಸಿಬಿಡುತ್ತಾರೆ. ‘ಯಾರೋ ಹಿಂದಿನಿಂದ ನನ್ನ ಪದ ಹಾಡ್ತಾ ಬರ್ತಾರೆ’ ಅಂತಾರೆ. ಎರಡನೆಯದು, ಕಾಕಾನ ತಾಳ. ಹಾಕುವಾಗ ಸರಿ ಇರುತ್ತದೆ, ರೆಕಾರ್ಡ್ ಆದ ಮೇಲೆ ಕೇಳಿದರೆ ಪ್ರತಿ ಪೆಟ್ಟೂ ಕೂದಲೆಳೆಯಷ್ಟು ಹಿಂದೆ. ಕಾಕಾ ಮೂವತ್ತು ವರ್ಷದಿಂದ ತಾಳ ಹಾಕುವ ಮನುಷ್ಯ, ಅವರ ಕೈ ತಪ್ಪಲ್ಲ.

ನೆಟ್‌ನಲ್ಲಿ ಹುಡುಕಿ, ಲಿನಕ್ಸ್‌ನಲ್ಲಿ ದನಿ ಸಾಗಿಸುವ ಪಲ್ಸ್‌ಆಡಿಯೋ ಅನ್ನುವ ಸಾಫ್ಟ್‌ವೇರಿನ ಸೆಟ್ಟಿಂಗ್ ಫೈಲಿನಲ್ಲಿ ‘ಟಿಶೆಡ್ 0’ ಅಂತ ಸೇರಿಸಿದೆ, ಏನೂ ಬದಲಾಗಲಿಲ್ಲ. ಬ್ಲೂಟೂತ್ ಇಯರ್‌ಫೋನ್ ಹಾಕಿ ನೋಡಿದೆ, ಅದು ಇನ್ನೂ ಜಾಸ್ತಿ ತಡ. ಏನು ಮಾಡಲಿ?

ಗಂಗಾವತಿ ರಿಪೇರಿ · ಭಾನುವಾರ ರಾತ್ರಿ 10:25

ತಮ್ಮಾ, ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಮೊದಲು ಆ ಬ್ಲೂಟೂತ್ ತೆಗೆದು ಡ್ರಾಯರ್‌ನಲ್ಲಿ ಇಡಿ. ಅದರಲ್ಲಿ ದನಿಯನ್ನು ಒತ್ತಿ ಸಣ್ಣದು ಮಾಡಿ, ಗಾಳಿಯಲ್ಲಿ ಕಳಿಸಿ, ಆ ಕಡೆ ಮತ್ತೆ ಬಿಚ್ಚಬೇಕು, ನಡುವೆ ತುಂಡಾಗದಿರಲಿ ಅಂತ ಇಯರ್‌ಫೋನ್ ತಾನೇ ಒಂದಿಷ್ಟು ದನಿಯನ್ನು ಕೂಡಿಟ್ಟುಕೊಳ್ಳುತ್ತದೆ. ಹಾಗೆ ಒತ್ತುವ ವಿಧಾನಕ್ಕೆ ಕೋಡೆಕ್ ಅಂತಾರೆ, ಸಾಮಾನ್ಯ ಎಸ್‌ಬಿಸಿ ಕೋಡೆಕ್ ಆದರೆ 150ರಿಂದ 250 ಮಿಲಿಸೆಕೆಂಡ್ ಅಲ್ಲೇ ಹೋಗುತ್ತದೆ. ಸಿನಿಮಾ ನೋಡಲು ನಡೆಯುತ್ತದೆ, ಹಾಡಲು ನಡೆಯಲ್ಲ.

ಇನ್ನು ಟಿಶೆಡ್ ವಿಷಯ. ಅದು ಪಲ್ಸ್‌ಆಡಿಯೋ ಇದ್ದ ಕಾಲದ ಮದ್ದು. ಮಿಂಟ್ 21ರವರೆಗೆ ಅದೇ ಇತ್ತು. ಮಿಂಟ್ 22ರಲ್ಲಿ ಅದರ ಜಾಗಕ್ಕೆ ಪೈಪ್‌ವೈರ್ ಬಂದಿದೆ. ಬೇರೆ ಲಿನಕ್ಸ್‌ಗಳಲ್ಲಿ ಫೆಡೋರಾ 2021ರಲ್ಲೇ 34ನೇ ಆವೃತ್ತಿಯಲ್ಲಿ ಪೈಪ್‌ವೈರ್‌ಗೆ ಬದಲಾಯಿಸಿತು, ಉಬುಂಟು 22.10ರಿಂದ. ಹಳೆಯ ಫೈಲು ನಿಮ್ಮ ಡಿಸ್ಕ್‌ನಲ್ಲಿ ಉಳಿದಿದ್ದರೂ ಅದನ್ನು ಈಗ ಯಾರೂ ಓದುತ್ತಿಲ್ಲ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ‘ಪ್ಯಾಕ್ಟಲ್ ಇನ್ಫೋ’ ಅನ್ನುವ ಕಮಾಂಡ್ ಕೊಡಿ. ಸರ್ವರ್ ನೇಮ್ ಅನ್ನುವ ಸಾಲಿನಲ್ಲಿ ಪಲ್ಸ್‌ಆಡಿಯೋ ಅಂತ ಇದ್ದು, ಪಕ್ಕದ ಕಂಸದಲ್ಲಿ ‘ಆನ್ ಪೈಪ್‌ವೈರ್’ ಅಂತ ಬಂದರೆ ನಿಮ್ಮದು ಪೈಪ್‌ವೈರ್. ಹಳೆಯ ಆ್ಯಪ್‌ಗಳಿಗಾಗಿ ಅದು ಪಲ್ಸ್‌ಆಡಿಯೋ ವೇಷ ಹಾಕಿಕೊಂಡಿರುತ್ತದೆ, ಅಷ್ಟೇ.

ನನ್ನ ಅಂಗಡಿಗೆ ಬರುವವರೆಲ್ಲ ‘ಸೌಂಡ್ ಲೇಟ್’ ಅಂತ ಒಂದೇ ಮಾತು ಹೇಳುತ್ತಾರೆ. ಆದರೆ ಜ್ವರ ಅಂದರೆ ಒಂದೇ ರೋಗ ಅಲ್ಲವಲ್ಲ. ಶುರುವಿನಿಂದ ಕೊನೆವರೆಗೆ ಒಂದೇ ಅಳತೆಯ ತಡ ಬೇರೆ. ಹೊತ್ತು ಹೋದಂತೆ ಬೆಳೆಯುವ ತಡ ಬೇರೆ. ಸದ್ದಿನ ತಲೆ ಮಾತ್ರ ಕತ್ತರಿಸಿ ಹೋಗುವುದು ಬೇರೆ. ನಮ್ಮದೇ ದನಿ ವಾಪಸ್ ಕೇಳುವಾಗಿನ ತಡ ಬೇರೆ. ಮದ್ದು ಒಂದಕ್ಕೆ ಹಾಕಿದ್ದು ಇನ್ನೊಂದಕ್ಕೆ ಹತ್ತಲ್ಲ.

ಹಾಗಾಗಿ ಹೇಳಿ: ಹೆಡ್‌ಫೋನ್ ವೈರು ಎಲ್ಲಿ ಚುಚ್ಚಿದ್ದೀರಿ? ಕಂಪ್ಯೂಟರ್ ಹಿಂದೆಯೋ, ಆ ಯುಎಸ್‌ಬಿ ಪೆಟ್ಟಿಗೆಗೋ? ಪದ ಹತ್ತು ನಿಮಿಷದ್ದಾದರೆ ಕೊನೆಗೆ ತಾಳ ಇನ್ನೂ ಹಿಂದೆ ಬೀಳುತ್ತದಾ, ಅಥವಾ ಮೊದಲಿನಷ್ಟೇನಾ?

ಸಿಂಧನೂರು ಭಜನೆ · ಭಾನುವಾರ ರಾತ್ರಿ 10:50

ಹೆಡ್‌ಫೋನ್ ಕಂಪ್ಯೂಟರ್ ಹಿಂದೆ, ಹಸಿರು ತೂತಿಗೆ. ತಾಳ ಕೊನೆವರೆಗೂ ಅಷ್ಟೇ ಹಿಂದೆ ಇರುತ್ತದೆ ಅನಿಸುತ್ತದೆ, ಬೆಳೆಯಲ್ಲ. ಪ್ಯಾಕ್ಟಲ್‌ನಲ್ಲಿ ಪೈಪ್‌ವೈರ್ 1.0.5 ಅಂತ ಬಂತು.

ಗಂಗಾವತಿ ರಿಪೇರಿ · ಭಾನುವಾರ ರಾತ್ರಿ 11:20

‘ಅನಿಸುತ್ತದೆ’ ಬೇಡ, ಅಳೆಯೋಣ. ಅಳತೆ ಇಲ್ಲದೆ ಸೆಟ್ಟಿಂಗ್ ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ನಾಳೆ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ.

ಅಡಾಸಿಟಿಯಲ್ಲಿ ಪ್ರಿಫರೆನ್ಸಸ್ ತೆಗೆದು ಆಡಿಯೋ ಸೆಟ್ಟಿಂಗ್ಸ್‌ಗೆ ಹೋಗಿ. ‘ಲೇಟೆನ್ಸಿ ಕಾಂಪೆನ್ಸೇಷನ್’ ಅಂತ ಒಂದು ಜಾಗ ಇದೆ. ಅಲ್ಲಿ ಮೊದಲಿನಿಂದಲೇ ಮೈನಸ್ 130 ಅಂತ ಇರುತ್ತದೆ. ರೆಕಾರ್ಡ್ ಆದದ್ದನ್ನು 130 ಮಿಲಿಸೆಕೆಂಡ್ ಮುಂಚೆ ಬರುವಂತೆ ಸರಿಸು ಅಂತ ಅದರ ಅರ್ಥ. ಅದು ಅಂದಾಜಿನ ಸಂಖ್ಯೆ, ನಿಮ್ಮ ಕಂಪ್ಯೂಟರಿಗಾಗಿ ಅಳೆದದ್ದಲ್ಲ. ಅದನ್ನು 0 ಮಾಡಿ.

ಆಮೇಲೆ ಜನರೇಟ್ ಮೆನುವಿನಲ್ಲಿ ರಿದಂ ಟ್ರ್ಯಾಕ್ ಮಾಡಿಕೊಳ್ಳಿ, ಟಕ್ ಟಕ್ ಅಂತ ಬರುತ್ತದೆ. ಹೆಡ್‌ಫೋನಿನ ಒಂದು ಕಿವಿಯನ್ನು ಮೈಕ್ ಮೂತಿಗೆ ಒತ್ತಿ ಹಿಡಿದು, ಆ ಟಕ್ ಟಕ್ ಓಡಿಸುತ್ತಾ ಹೊಸ ಟ್ರ್ಯಾಕ್‌ಗೆ ರೆಕಾರ್ಡ್ ಮಾಡಿ. ಮೇಲೆ ಮೂಲ ಟಕ್, ಕೆಳಗೆ ಮೈಕ್ ಕೇಳಿಸಿಕೊಂಡ ಟಕ್. ಜೂಮ್ ಮಾಡಿ, ಒಂದರ ಏರಿನಿಂದ ಇನ್ನೊಂದರ ಏರಿನವರೆಗೆ ಮೌಸ್‌ನಲ್ಲಿ ಎಳೆದರೆ ಕೆಳಗೆ ಅದರ ಉದ್ದ ಕಾಣುತ್ತದೆ. ಶುರುವಿನದು ಒಂದು, ಕೊನೆಯದು ಒಂದು, ಎರಡೂ ಅಳೆಯಿರಿ.

ಸಿಂಧನೂರು ಭಜನೆ · ಸೋಮವಾರ ಬೆಳಿಗ್ಗೆ 6:15

ನಿದ್ದೆ ಬರಲಿಲ್ಲ, ಐದು ಗಂಟೆಗೇ ಎದ್ದು ಮಾಡಿದೆ. ಮೇಲಿನ ಟ್ರ್ಯಾಕ್‌ನಲ್ಲಿ ಟಕ್ ಒಂದು ಸಣ್ಣ ಮುಳ್ಳಿನ ಹಾಗೆ ನೆಟ್ಟಗೆ ನಿಂತಿದೆ. ಕೆಳಗಿನದರಲ್ಲಿ ಅದೇ ಮುಳ್ಳು, ಬುಡದಲ್ಲಿ ಫ್ಯಾನಿನ ಸದ್ದು ಧೂಳಿನ ಹಾಗೆ ಅಂಟಿಕೊಂಡಿದೆ, ಬಲಕ್ಕೆ ಸರಿದು ನಿಂತಿದೆ. ನಡುವಿನ ದೂರ 0.184 ಸೆಕೆಂಡ್. ಹತ್ತು ನಿಮಿಷ ಓಡಿಸಿ ಕೊನೆಯದನ್ನು ಅಳೆದೆ, ಅಲ್ಲೂ 0.184. ಮೂರು ಸಲ ಮಾಡಿದೆ. ಒಂದು ಸಲ ಮಾತ್ರ 0.185 ಬಂತು.

ಅಂದರೆ 184ರಲ್ಲಿ ಅಡಾಸಿಟಿ 130 ಕಳೆಯುತ್ತಿತ್ತು, ಉಳಿದ 54 ಮಿಲಿಸೆಕೆಂಡ್ ಕಾಕಾನ ತಾಳದ ಮೇಲೆ ಬೀಳುತ್ತಿತ್ತು, ಹೌದಾ?

ಗಂಗಾವತಿ ರಿಪೇರಿ · ಸೋಮವಾರ ಬೆಳಿಗ್ಗೆ 9:05

ಹೌದು, ಅದೇ. 54 ಮಿಲಿಸೆಕೆಂಡ್ ಅಂದರೆ ಎಷ್ಟು ಅಂತ ಕಾಕಾಗೆ ಹೀಗೆ ಹೇಳಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಮೂರು ಮಿಲಿಸೆಕೆಂಡಿಗೆ ಒಂದು ಮೀಟರ್. ಅವರು ಮುತ್ಯಾನಿಂದ 18 ಮೀಟರ್ ದೂರ, ಗುಡಿ ಅಂಗಳದ ಆ ತುದಿಯಲ್ಲಿ ಕೂತು ತಾಳ ಹಾಕಿದಂತೆ ಅದು. ಕೈಯಲ್ಲಿ ತಪ್ಪಿಲ್ಲ, ಕೂತ ಜಾಗ ದೂರ ಆಗಿತ್ತು.

ಆ ಜಾಗದಲ್ಲಿ ಈಗ ಮೈನಸ್ 184 ಬರೆಯಿರಿ. ತಾಳದ ತೊಂದರೆ ಅಲ್ಲಿಗೆ ಮುಗಿಯಿತು. ಆದರೆ ಇದು ಆಮೇಲೆ ಸರಿಸುವ ಕೆಲಸ ಮಾತ್ರ. ಮುತ್ಯಾ ಹಾಡುವಾಗ ಕಿವಿಗೆ ಬರುವ ತಡ ಇದರಿಂದ ಹೋಗಲ್ಲ. ಅದಕ್ಕೆ ಬೇರೆ ದಾರಿ, ಸಂಜೆ ಅಂಗಡಿ ಮುಚ್ಚಿದ ಮೇಲೆ ಬರೆಯುತ್ತೇನೆ.

ಕೊಪ್ಪಳ ಮೇಷ್ಟ್ರು · ಸೋಮವಾರ ಮಧ್ಯಾಹ್ನ 1:30

ನಡುವೆ ಬಾಯಿ ಹಾಕುತ್ತಿದ್ದೇನೆ, ನನ್ನದೂ ಸೌಂಡ್ ವಿಷಯವೇ. ಶಾಲೆಯಲ್ಲಿ ಉಬುಂಟು ಕಂಪ್ಯೂಟರ್, ಎಚ್‌ಡಿಎಂಐ ವೈರಿನಿಂದ ದೊಡ್ಡ ಟಿವಿಗೆ. ಟಿವಿಯ ಸ್ಪೀಕರ್ ಹಿಂದಿನ ಬೆಂಚಿಗೆ ಕೇಳಲ್ಲ, ಅದಕ್ಕೆ ಕಂಪ್ಯೂಟರಿನಿಂದ ನೇರವಾಗಿ ಒಂದು ಆಂಪ್ಲಿಫೈಯರ್‌ಗೆ ಕೊಟ್ಟಿದ್ದೇವೆ. ಪಾಠದ ವಿಡಿಯೋ ಹಾಕಿದರೆ ತುಟಿ ಮತ್ತು ಮಾತು ಕೂಡುವುದಿಲ್ಲ. ಇಂಗ್ಲಿಷ್ ಉಚ್ಚಾರಣೆ ಕಲಿಸುವ ವಿಡಿಯೋದಲ್ಲಿ ಮಕ್ಕಳು ಬಾಯಿ ನೋಡಿಯೇ ಕಲಿಯಬೇಕು, ಅಲ್ಲೇ ಹೀಗಾದರೆ ಹೇಗೆ? ನಮ್ಮದೂ ಲೇಟ್ ಅಂತಲೇ ಅಂದುಕೊಂಡಿದ್ದೇವೆ.

ಬಳ್ಳಾರಿ ಎಡಿಟಿಂಗ್ · ಸೋಮವಾರ ಮಧ್ಯಾಹ್ನ 2:10

ಮೇಷ್ಟ್ರೇ, ನಿಮ್ಮದು ಉಲ್ಟಾ ಇರಬೇಕು. ಸರಿಯಾಗಿ ನೋಡಿ, ಮಾತು ಮೊದಲು ಬಂದು ತುಟಿ ಆಮೇಲೆ ಅಲ್ಲಾಡುತ್ತಿರಬೇಕು. ಟಿವಿ ಬಂದ ಚಿತ್ರವನ್ನು ಹಾಗೇ ತೋರಿಸಲ್ಲ, ಬಣ್ಣ ತಿದ್ದಿ, ಚಲನೆ ನಯ ಮಾಡಿ ತೋರಿಸುತ್ತದೆ, ಅದಕ್ಕೆ ಹೊತ್ತು ಬೇಕು. ತನ್ನದೇ ಸ್ಪೀಕರ್ ಆದರೆ ದನಿಯನ್ನೂ ಅಷ್ಟೇ ಹೊತ್ತು ಹಿಡಿದು ಸರಿ ಮಾಡಿಕೊಳ್ಳುತ್ತದೆ. ನೀವು ದನಿಯನ್ನು ಬೇರೆ ದಾರಿಯಲ್ಲಿ ಕಳಿಸಿದ್ದೀರಿ, ಅದು ಓಡಿ ಮೊದಲು ತಲುಪುತ್ತಿದೆ.

ಟಿವಿ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಇದ್ದರೆ ಆನ್ ಮಾಡಿ. ಆ ತಿದ್ದುಪಡಿ ಹೆಚ್ಚುಕಮ್ಮಿ ನಿಲ್ಲುತ್ತದೆ, ಅರ್ಧಕ್ಕಿಂತ ಜಾಸ್ತಿ ತೊಂದರೆ ಅಲ್ಲೇ ಹೋಗಬಹುದು. ಉಳಿದದ್ದಕ್ಕೆ ವಿಎಲ್‌ಸಿ ಪ್ಲೇಯರ್‌ನಲ್ಲಿ ವಿಡಿಯೋ ಓಡುವಾಗ ಕೆ ಕೀ ಒತ್ತಿ, ಒತ್ತಿದ ಸಲಕ್ಕೆ ದನಿ 50 ಮಿಲಿಸೆಕೆಂಡ್ ಹಿಂದೆ ಹೋಗುತ್ತದೆ. ಜಾಸ್ತಿ ಆದರೆ ಜೆ ಒತ್ತಿ, ವಾಪಸ್ ಬರುತ್ತದೆ. ಎಂಪಿವಿ ಪ್ಲೇಯರ್ ಬಳಸುವವರಿಗೆ ಕಂಟ್ರೋಲ್ ಜೊತೆ ಪ್ಲಸ್, ಮೈನಸ್. ಅಲ್ಲಿ ಒಂದು ಹೆಜ್ಜೆಗೆ 100.

ಇನ್ನೊಂದು ಮಾತು. ದನಿ ಮುಂಚೆ ಬಂದರೆ ನಮಗೆ ಬೇಗ ಗೊತ್ತಾಗುತ್ತದೆ, ತಡವಾಗಿ ಬಂದರೆ ಅಷ್ಟು ಬೇಗ ಗೊತ್ತಾಗಲ್ಲ. ಟಿವಿ ಪ್ರಸಾರದವರಿಗೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) 1998ರಲ್ಲಿ ಕೊಟ್ಟ ಶಿಫಾರಸಿನಲ್ಲಿ ಲೆಕ್ಕವೇ ಇದೆ: ದನಿ 45 ಮಿಲಿಸೆಕೆಂಡ್ ಮುಂಚೆ ಬಂದರೆ ಜನ ಗುರುತಿಸುತ್ತಾರೆ, ತಡ ಆದರೆ 125 ಆಗುವವರೆಗೆ ಗುರುತಿಸುವುದಿಲ್ಲ. ಮಿಂಚು ಮೊದಲು, ಗುಡುಗು ಆಮೇಲೆ. ದೂರದಲ್ಲಿ ಅಗಸರು ಬಟ್ಟೆ ಒಗೆಯುವುದು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಸದ್ದು ಮೊದಲು ಬರುವುದನ್ನು ನಾವು ಹುಟ್ಟಿದಾಗಿನಿಂದ ಕಂಡೇ ಇಲ್ಲ, ಅದಕ್ಕೇ ಅದು ಚುಚ್ಚುತ್ತದೆ.

ರಾಯಚೂರು ಓರ್ಕಾ · ಸೋಮವಾರ ಮಧ್ಯಾಹ್ನ 3:45

ನಾನು ಪರದೆ ನೋಡುವುದಿಲ್ಲ, ನನಗೆ ಕಣ್ಣು ಕಾಣಿಸುವುದಿಲ್ಲ. ಪರದೆಯ ಮೇಲಿನದನ್ನು ಓರ್ಕಾ ಅನ್ನುವ ಸಾಫ್ಟ್‌ವೇರ್ ಓದಿ ಹೇಳುತ್ತದೆ, ಈಸ್ಪೀಕ್ ಎನ್‌ಜಿ ದನಿಯಲ್ಲಿ, ಕನ್ನಡವೂ ಅದರಲ್ಲಿದೆ. ನನ್ನದೂ ಮಿಂಟ್ 22.

ನೀವೆಲ್ಲ ಹೇಳಿದ ತಡ ನನಗಿಲ್ಲ. ನನ್ನದು ತಲೆ ಕತ್ತರಿಸಿ ಹೋಗುವ ತಡ. ಒಂದು ಪತ್ರ ಬರೆಯುತ್ತಾ ಎರಡು ನಿಮಿಷ ಯೋಚನೆ ಮಾಡಿ ಮತ್ತೆ ಕೀ ಒತ್ತಿದರೆ ಮೊದಲ ಅಕ್ಷರ ಕೇಳುವುದೇ ಇಲ್ಲ. ‘ರಾಯಚೂರು’ ಅಂತ ಬರೆದ ಜಾಗದಲ್ಲಿ ಕರ್ಸರ್ ಇಟ್ಟರೆ ‘ಚೂರು’ ಅಂತ ಕೇಳುತ್ತದೆ. ‘ಬೇಡ’ ಅನ್ನುವ ಬಟನ್ ಮೇಲೆ ಇದ್ದೇನೋ ‘ಬೇಕು’ ಅನ್ನುವುದರ ಮೇಲೆ ಇದ್ದೇನೋ ಗೊತ್ತಾಗದೆ ಒಂದು ಅರ್ಜಿಯನ್ನು ತಪ್ಪು ಕಳಿಸಿಯೂ ಆಗಿದೆ. ಕಣ್ಣಿದ್ದವರಿಗೆ ಅರ್ಧ ಸೆಕೆಂಡಿನ ಸದ್ದು ಹೋದರೆ ಏನೂ ಅಲ್ಲ, ನನಗೆ ಅದು ಪರದೆಯೇ ಆರಿದಂತೆ. ದಿನಕ್ಕೆ ನೂರು ಸಲ.

ಒಬ್ಬರು ಕಳಿಸಿದ ಪರಿಹಾರ ಹಾಕಿದೆ, ವೈರ್‌ಪ್ಲಂಬರ್ ಫೋಲ್ಡರ್‌ನಲ್ಲಿ ಕಾನ್ಫ್ ಫೈಲ್ ಮಾಡಿ. ಏನೂ ಆಗಲಿಲ್ಲ.

ಗಂಗಾವತಿ ರಿಪೇರಿ · ಸೋಮವಾರ ರಾತ್ರಿ 8:40

ಸಿಂಧನೂರು ತಮ್ಮಾ, ಹತ್ತು ನಿಮಿಷ ತಾಳಿ. ಮೊದಲು ಈ ಅಕ್ಕನ ವಿಷಯ ನೋಡೋಣ, ಇವರದು ದಿನದ ಕಷ್ಟ.

ಅಕ್ಕಾ, ವೈರ್‌ಪ್ಲಂಬರ್ ಅಂತ ಪೈಪ್‌ವೈರ್‌ನ ಮೇಸ್ತ್ರಿ ಇದ್ದಾನೆ. ಯಾವ ವೈರು ಎಲ್ಲಿಗೆ ಜೋಡಿಸಬೇಕು ಅಂತ ನೋಡಿಕೊಳ್ಳುವುದು ಅವನ ಕೆಲಸ. ಸೌಂಡ್ ಕಾರ್ಡಿಗೆ 5 ಸೆಕೆಂಡ್ ಕೆಲಸ ಇಲ್ಲ ಅಂದರೆ ಅವನು ಅದನ್ನು ಮಲಗಿಸಿಬಿಡುತ್ತಾನೆ, ಕರೆಂಟ್ ಉಳಿಸಲು. ಮತ್ತೆ ಸದ್ದು ಬಂದಾಗ ಎಬ್ಬಿಸಬೇಕು. ಏಳುವಷ್ಟರಲ್ಲಿ ‘ರಾಯ’ ಹೋಗಿರುತ್ತದೆ. ಹಾಡು ಕೇಳುವವರಿಗೆ ಇದು ಗೊತ್ತೇ ಆಗಲ್ಲ, ಅದಕ್ಕೇ ಹೆಚ್ಚು ಜನ ಇದರ ಬಗ್ಗೆ ಮಾತಾಡುವುದಿಲ್ಲ.

ನಿಮಗೆ ಕಳಿಸಿದ ಪರಿಹಾರ ಸರಿಯೇ ಇತ್ತು, ಆದರೆ ವೈರ್‌ಪ್ಲಂಬರ್ 0.5ಕ್ಕೆ. ಅಲ್ಲಿಂದ ಫೈಲಿನ ರೂಪವೇ ಬದಲಾಯಿತು. ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೆ, ಅದರಲ್ಲಿರುವುದು 0.4.17. ಇದು ಲುವಾ ಭಾಷೆಯ ಫೈಲನ್ನು ಮಾತ್ರ ಓದುತ್ತದೆ. ಹೋಮ್ ಫೋಲ್ಡರ್‌ನ ಡಾಟ್ ಕಾನ್ಫಿಗ್ ಒಳಗೆ ವೈರ್‌ಪ್ಲಂಬರ್, ಅದರೊಳಗೆ ‘ಮೇನ್ ಡಾಟ್ ಲುವಾ ಡಾಟ್ ಡಿ’ ಅನ್ನುವ ಫೋಲ್ಡರ್ ಇರಬೇಕು. ಅಲ್ಲಿಡುವ ಫೈಲಿನ ಹೆಸರು 51ರಿಂದ ಶುರುವಾಗಲಿ, ಕೊನೆಗೆ ಡಾಟ್ ಲುವಾ. ಒಳಗೆ ಹೇಳಬೇಕಾದದ್ದು ಒಂದೇ: ಆಲ್ಸಾ ಔಟ್‌ಪುಟ್‌ಗಳಿಗೆಲ್ಲ (ಅಂದರೆ ಸೌಂಡ್ ಕಾರ್ಡಿನಿಂದ ದನಿ ಹೊರಗೆ ಹೋಗುವ ದಾರಿಗಳಿಗೆಲ್ಲ) ‘ಸೆಷನ್ ಡಾಟ್ ಸಸ್ಪೆಂಡ್-ಟೈಮ್‌ಔಟ್-ಸೆಕೆಂಡ್ಸ್’ ಬೆಲೆ 0. ಸೊನ್ನೆ ಅಂದರೆ ತಕ್ಷಣ ಮಲಗು ಅಂತ ಅಲ್ಲ, ಮಲಗಲೇಬೇಡ ಅಂತ. ಫೈಲನ್ನು ನಾನೇ ಬರೆದು ನಿಮಗೆ ಕಳಿಸುತ್ತೇನೆ, ನೀವು ಆ ಫೋಲ್ಡರ್‌ಗೆ ಹಾಕಿದರೆ ಸಾಕು.

ಒಂದು ಎಚ್ಚರಿಕೆ. ಆಮೇಲೆ ವೈರ್‌ಪ್ಲಂಬರ್ ರೀಸ್ಟಾರ್ಟ್ ಮಾಡಿದರೆ ನಡುವೆ ಓರ್ಕಾ ದನಿ ನಿಂತು ಹೋಗಬಹುದು, ನಿಮಗೆ ಏನು ನಡೆಯುತ್ತಿದೆ ಅಂತ ತಿಳಿಯಲ್ಲ. ಅದರ ಬದಲು ಲಾಗ್‌ಔಟ್ ಮಾಡಿ ಮತ್ತೆ ಲಾಗಿನ್ ಆಗಿ, ಸಾಧ್ಯವಾದರೆ ಮನೆಯಲ್ಲಿ ಯಾರಾದರೂ ಇರುವಾಗ.

ಅಷ್ಟಾದ ಮೇಲೂ ತಲೆ ಕತ್ತರಿಸಿದರೆ ಮಲಗಿಸುವವನು ಇನ್ನೊಬ್ಬನಿದ್ದಾನೆ, ಕರ್ನಲ್, ಅಂದರೆ ಲಿನಕ್ಸಿನ ತಿರುಳು. ‘ಎಸ್‌ಎನ್‌ಡಿ ಎಚ್‌ಡಿಎ ಇಂಟೆಲ್’ ಮಾಡ್ಯೂಲ್‌ನ ಪವರ್ ಸೇವ್ ಸಂಖ್ಯೆಯನ್ನೂ 0 ಮಾಡಬೇಕಾಗುತ್ತದೆ. ಅದನ್ನು ಆಮೇಲೆ ನೋಡೋಣ. ಒಂದು ಸಲಕ್ಕೆ ಒಂದೇ ಬದಲಾವಣೆ.

ಗಂಗಾವತಿ ರಿಪೇರಿ · ಸೋಮವಾರ ರಾತ್ರಿ 9:30

ಈಗ ಮುತ್ಯಾನ ಕಿವಿಯ ವಿಷಯ.

ಕಂಪ್ಯೂಟರ್ ದನಿಯನ್ನು ಹನಿ ಹನಿಯಾಗಿ ಸಾಗಿಸಲ್ಲ. ಕೊಡ ತುಂಬಿಸಿ ಹೊರುತ್ತದೆ. ಪೈಪ್‌ವೈರ್‌ನಲ್ಲಿ ಆ ಕೊಡದ ಹೆಸರು ಕ್ವಾಂಟಮ್. ಮಾಮೂಲಿ 1024 ಸ್ಯಾಂಪಲ್, ಅಂದರೆ ದನಿಯ ಅಷ್ಟು ಹನಿ. ಸೆಕೆಂಡಿಗೆ 48000 ಸ್ಯಾಂಪಲ್ ಆದರೆ ಒಂದು ಕೊಡ ತುಂಬಲು 21 ಮಿಲಿಸೆಕೆಂಡ್ ಬೇಕು. ಮೈಕ್ ಕಡೆ ಒಂದು ಕೊಡ, ಹೆಡ್‌ಫೋನ್ ಕಡೆ ಒಂದು ಕೊಡ, ಅದರ ಮೇಲೆ ಅಡಾಸಿಟಿ ತನ್ನದೇ 100 ಮಿಲಿಸೆಕೆಂಡಿನ ತೊಟ್ಟಿ ಇಟ್ಟುಕೊಂಡಿರುತ್ತದೆ. ಜೊತೆಗೆ ನಿಮ್ಮ ಮೈಕ್ ಯುಎಸ್‌ಬಿ ಪೆಟ್ಟಿಗೆಯಲ್ಲಿ, ಹೆಡ್‌ಫೋನ್ ಮದರ್‌ಬೋರ್ಡಿನಲ್ಲಿ. ಎರಡಕ್ಕೂ ಬೇರೆ ಬೇರೆ ಗಡಿಯಾರ. ಎರಡು ಗಡಿಯಾರ ಹೊಂದಿಸಲು ಪೈಪ್‌ವೈರ್ ನಡುವೆ ದನಿಯನ್ನು ಕೊಂಚ ಹಿಗ್ಗಿಸಿ ಕುಗ್ಗಿಸಿ ಮಾಡಬೇಕು, ಅದಕ್ಕೂ ಒಂದಿಷ್ಟು ಹೊತ್ತು.

ಕೊಡದ ಬದಲು ಚೊಂಬು ಬಳಸಬಹುದು. ಟರ್ಮಿನಲ್‌ನಲ್ಲಿ ‘ಪಿಡಬ್ಲ್ಯೂ-ಟಾಪ್’ ಒಂದು ಕಡೆ ತೆರೆದಿಡಿ, ಕ್ವಾಂಟ್ ಅನ್ನುವ ಕಾಲಂನಲ್ಲಿ 1024 ಕಾಣುತ್ತದೆ. ಇನ್ನೊಂದು ಟರ್ಮಿನಲ್‌ನಲ್ಲಿ ‘ಪಿಡಬ್ಲ್ಯೂ-ಮೆಟಾಡೇಟಾ’, ಜಾಗ ಬಿಟ್ಟು ‘ಹೈಫನ್ ಎನ್’, ‘ಸೆಟ್ಟಿಂಗ್ಸ್’, ‘0’, ‘ಕ್ಲಾಕ್ ಡಾಟ್ ಫೋರ್ಸ್-ಕ್ವಾಂಟಮ್’, ‘256’, ಎಲ್ಲ ಸಣ್ಣ ಅಕ್ಷರ. ಆಗ ಒಂದು ಚೊಂಬಿಗೆ 5 ಮಿಲಿಸೆಕೆಂಡ್ ಚಿಲ್ಲರೆ. ಆದರೆ ಚೊಂಬಿನಲ್ಲಿ ಹೊರುವಾಗ ಓಡಾಟ ಜಾಸ್ತಿ, ಹಳೆಯ ಐ3 ಒಂದು ಸಲ ಎಡವಿದರೆ ದನಿ ಚಟ್ ಅಂತ ಮುರಿಯುತ್ತದೆ. ಪಿಡಬ್ಲ್ಯೂ-ಟಾಪ್‌ನಲ್ಲಿ ಇಆರ್‌ಆರ್ ಕಾಲಂ ಏರುತ್ತಾ ಹೋದರೆ ಎಡವುತ್ತಿದೆ ಅಂತ ಅರ್ಥ. ಅಲ್ಲಿಂದ ಒಂದು ಹೆಜ್ಜೆ ವಾಪಸ್ ಬನ್ನಿ. ಕೊನೆಗೆ 256ರ ಜಾಗದಲ್ಲಿ 0 ಕೊಟ್ಟರೆ ಮೊದಲಿನ ಸ್ಥಿತಿ.

ಆದರೆ ಇಷ್ಟೆಲ್ಲ ಮಾಡುವ ಮುಂಚೆ ಆ ಪೆಟ್ಟಿಗೆಯ ಮುಂದೆ ನೋಡಿ. ಹೆಡ್‌ಫೋನ್ ತೂತು ಇದೆಯಾ? ಪಕ್ಕದಲ್ಲಿ ‘ಡೈರೆಕ್ಟ್’ ಅಂತಲೋ ‘ಮಾನಿಟರ್’ ಅಂತಲೋ ಬಟನ್ ಅಥವಾ ತಿರುಗಿಸುವ ಗುಂಡಿ ಇದೆಯಾ? ಇದ್ದರೆ ಹೆಡ್‌ಫೋನ್ ಅಲ್ಲಿ ಚುಚ್ಚಿ, ಅದನ್ನು ಆನ್ ಮಾಡಿ. ಮೈಕ್‌ನ ದನಿ ಕಂಪ್ಯೂಟರಿಗೆ ಹೋಗಿ ಬರುವ ಮುಂಚೆಯೇ ಪೆಟ್ಟಿಗೆಯೊಳಗಿಂದ ನೇರ ಕಿವಿಗೆ ಬರುತ್ತದೆ. ಆಮೇಲೆ ಅಡಾಸಿಟಿಯ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ‘ಸಾಫ್ಟ್‌ವೇರ್ ಪ್ಲೇಥ್ರೂ’ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಎರಡು ದನಿ ಕೇಳುತ್ತದೆ.

ಬಳ್ಳಾರಿ ಎಡಿಟಿಂಗ್ · ಸೋಮವಾರ ರಾತ್ರಿ 10:15

ತಡ ಕಮ್ಮಿ ಮಾಡುವ ಲೋ-ಲೇಟೆನ್ಸಿ ಕರ್ನಲ್ ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಣ್ಣಾ? ಈಗ 6.12ರಿಂದ ರಿಯಲ್‌ಟೈಮ್ ಪ್ಯಾಚ್ ಮೂಲ ಕರ್ನಲ್‌ಗೇ ಸೇರಿದೆ ಅಂತ ಓದಿದೆ.

ನನ್ನ ಅನುಭವ ಒಂದು ಹೇಳುತ್ತೇನೆ, ಬೆಳೆಯುವ ತಡದ್ದು. ಮದುವೆ ವಿಡಿಯೋ, ಮೂರು ಗಂಟೆ ಒಂದೇ ಸಮ ಓಡಿದ ಕ್ಯಾಮೆರಾ, ದನಿ ಬೇರೆ ರೆಕಾರ್ಡರ್‌ನಲ್ಲಿ. ಶುರುವಿನಲ್ಲಿ ಚಪ್ಪಾಳೆಗೆ ಚಪ್ಪಾಳೆ ಕೂಡಿಸಿದೆ, ಮಾಂಗಲ್ಯಧಾರಣೆ ಹೊತ್ತಿಗೆ ಗಟ್ಟಿಮೇಳ ಅರ್ಧ ಸೆಕೆಂಡ್ ಹಿಂದೆ. ನಾನು ಲಿನಕ್ಸನ್ನೇ ಬೈದೆ. ಆಮೇಲೆ ಲೆಕ್ಕ ಹಾಕಿದೆ. ಎರಡು ಯಂತ್ರದ ಗಡಿಯಾರ ಹತ್ತು ಲಕ್ಷಕ್ಕೆ ಐವತ್ತು ಪಾಲು ಹೆಚ್ಚುಕಮ್ಮಿ ಇದ್ದರೂ 10800 ಸೆಕೆಂಡಿಗೆ 0.54 ಸೆಕೆಂಡ್ ಆಗುತ್ತದೆ. ಲಿನಕ್ಸ್ ಏನೂ ಮಾಡಿರಲಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಕೆಡೆನ್‌ಲೈವ್‌ನಲ್ಲಿ ಪ್ರತಿ ಅರ್ಧ ಗಂಟೆಗೆ ದನಿ ಕತ್ತರಿಸಿ, ಮೌನ ಇರುವ ಜಾಗದಲ್ಲಿ ಕೂಡಿಸಿದೆ. ನಿಮಿಷಕ್ಕೆ ಐದು ಸೆಕೆಂಡಿನಷ್ಟು ಹೋಗುತ್ತಿದ್ದರೆ ಮಾತ್ರ ಅದು ಗಡಿಯಾರ ಅಲ್ಲ, ಯಾರೋ ಸೆಕೆಂಡಿಗೆ 44100 ಸ್ಯಾಂಪಲ್ ಇರುವ ಫೈಲನ್ನು 48000 ಅಂತ ಓದುತ್ತಿದ್ದಾರೆ.

ಗಂಗಾವತಿ ರಿಪೇರಿ · ಸೋಮವಾರ ರಾತ್ರಿ 10:40

ಕರ್ನಲ್ ಬದಲಾಯಿಸುವುದು ಈಗ ಬೇಡ. ಮಾಮೂಲಿ ಕರ್ನಲ್‌ನಲ್ಲೇ 256 ನಡೆಯುತ್ತದೆ. ಮುತ್ಯಾ ಕೂತಿರುವಾಗ ಕಂಪ್ಯೂಟರ್ ಬೂಟ್ ಆಗದೆ ನಿಂತರೆ ಆ ದಿನದ ಪದ ಹೋಯಿತು. ರೆಕಾರ್ಡಿಂಗ್ ಮುಗಿಯುವವರೆಗೆ ಅಪ್‌ಡೇಟ್ ಕೂಡ ಒತ್ತಬೇಡಿ.

ಮೂರು ಗಂಟೆಯ ಮಾತು ಸರಿಯಾಗಿ ಹೇಳಿದಿರಿ.

ಕೊಪ್ಪಳ ಮೇಷ್ಟ್ರು · ಮಂಗಳವಾರ ಸಂಜೆ 5:20

ಮಾತು ಮೊದಲೇ ಬರುತ್ತಿತ್ತು. ನಾವೆಲ್ಲ ಇಷ್ಟು ದಿನ ತಡ ಅಂತ ನಂಬಿದ್ದೆವು. ಗೇಮ್ ಮೋಡ್ ಹಾಕಿದೆ, ಆಮೇಲೆ ಕೆ ಎರಡು ಸಲ. ಏಳನೇ ತರಗತಿಯ ಒಬ್ಬ ಹುಡುಗಿಯನ್ನು ಕರೆದು ‘ನೋಡು, ಯಾವಾಗ ಕೂಡಿತು ಹೇಳು’ ಅಂದೆ, ಎರಡನೇ ಸಲಕ್ಕೇ ಕೈ ಎತ್ತಿದಳು. ಮೂರನೇ ಸಲ ಒತ್ತಿದರೆ ‘ಇಲ್ಲ ಸರ್, ವಾಪಸ್’ ಅಂದಳು.

ಬ್ರೌಸರ್‌ನಲ್ಲಿ ಓಡುವ ವಿಡಿಯೋಗೆ ಕೆ ಕೆಲಸ ಮಾಡಲ್ಲ. ಅದಕ್ಕೆ?

ಬಳ್ಳಾರಿ ಎಡಿಟಿಂಗ್ · ಮಂಗಳವಾರ ಸಂಜೆ 6:00

‘ಪಾವುಕಂಟ್ರೋಲ್’ ಅನ್ನುವ ಸೌಂಡ್ ಸೆಟ್ಟಿಂಗ್ ಆ್ಯಪ್ ಹಾಕಿಕೊಳ್ಳಿ. ಔಟ್‌ಪುಟ್ ಡಿವೈಸಸ್‌ನಲ್ಲಿ ಅಡ್ವಾನ್ಸ್ಡ್ ತೆರೆದರೆ ‘ಲೇಟೆನ್ಸಿ ಆಫ್‌ಸೆಟ್’ ಅಂತ ಇದೆ. ನಿಮಗೆ ಮೈನಸ್ 100 ಬರಬೇಕು, ಚಿತ್ರ ಹಿಂದೆ ಇರುವುದರಿಂದ. ಬ್ಲೂಟೂತ್‌ನಲ್ಲಿ ಸಿನಿಮಾ ನೋಡುವವರು ಅದೇ ಜಾಗದಲ್ಲಿ ಪ್ಲಸ್ 200 ಅಂತ ಕೊಟ್ಟು ನೋಡಬಹುದು. ಅದು ದನಿಯನ್ನು ಬೇಗ ತರುವುದಿಲ್ಲ, ಅದು ಆಗದ ಕೆಲಸ. ಪ್ಲೇಯರಿಗೆ ‘ದನಿ ಇಷ್ಟು ತಡ ಇದೆ’ ಅಂತ ತಿಳಿಸುತ್ತದೆ, ಪ್ಲೇಯರ್ ಚಿತ್ರವನ್ನು ಅಷ್ಟು ಹೊತ್ತು ತಡೆದು ನಿಲ್ಲಿಸುತ್ತದೆ. ಹಾಗಾಗಿ ಹಾಡುವವರಿಗೆ ಇದರಿಂದ ಉಪಯೋಗ ಇಲ್ಲ.

ರಾಯಚೂರು ಓರ್ಕಾ · ಮಂಗಳವಾರ ರಾತ್ರಿ 8:10

ಗಂಗಾವತಿ ಅಣ್ಣ ಕಳಿಸಿದ ಫೈಲು ಹಾಕಿದೆ. ಲಾಗ್‌ಔಟ್ ಮಾಡುವಾಗ ಮಗ ಪಕ್ಕದಲ್ಲಿದ್ದ. ಲಾಗಿನ್ ಆದ ಮೇಲೆ ಕೈ ಕಟ್ಟಿಕೊಂಡು ಹತ್ತು ನಿಮಿಷ ಸುಮ್ನೆ ಕೂತೆ, ಬೇಕಂತಲೇ. ಹೆಡ್‌ಫೋನ್‌ನಲ್ಲಿ ತೀರಾ ಸಣ್ಣ ಸುಯ್ ಅನ್ನುವ ಸದ್ದು ಇತ್ತು, ಮೊದಲು ಅದು ನಿಂತು ಹೋಗುತ್ತಿತ್ತು, ಈಗ ನಿಲ್ಲಲಿಲ್ಲ. ಆಮೇಲೆ ಒಂದು ಕೀ ಒತ್ತಿದೆ. ‘ರಾ’ ಪೂರ್ತಿ ಕೇಳಿತು. ಇನ್ನೊಮ್ಮೆ ಹತ್ತು ನಿಮಿಷ ಬಿಟ್ಟು ಒತ್ತಿದೆ, ಆಗಲೂ ಕೇಳಿತು. ಕರ್ನಲ್‌ವರೆಗೆ ಹೋಗುವುದೇ ಬೇಕಾಗಲಿಲ್ಲ.

ಇಂಥ ಸೆಟ್ಟಿಂಗ್ ಮೊದಲಿನಿಂದಲೇ ಓರ್ಕಾ ಆನ್ ಆದಾಗ ತಾನೇ ಬದಲಾಗಬೇಕು ಅಂತ ನನ್ನ ಆಸೆ. ಇನ್ನೊಬ್ಬರು ನನ್ನಷ್ಟು ತಿಂಗಳು ಹುಡುಕುವುದು ಬೇಡ. ಮಿಂಟ್‌ನವರಿಗೆ ಇದನ್ನು ಬರೆದು ಕಳಿಸಬೇಕು, ಇಂಗ್ಲಿಷ್‌ನಲ್ಲಿ ಬರೆಯಲು ಯಾರಾದರೂ ಜೊತೆಗೂಡಿದರೆ ಅನುಕೂಲ.

ಕೊಪ್ಪಳ ಮೇಷ್ಟ್ರು · ಮಂಗಳವಾರ ರಾತ್ರಿ 8:25

ನಾನು ಬರೆದು ಕೊಡುತ್ತೇನೆ ಅಕ್ಕಾ. ನೀವು ಕನ್ನಡದಲ್ಲಿ ಏನೇನು ಹೇಳಬೇಕು ಅದನ್ನೆಲ್ಲ ಕಳಿಸಿ, ಆ ‘ಬೇಕು’, ‘ಬೇಡ’ ಬಟನ್‌ನ ವಿಷಯ ಬಿಡಬೇಡಿ.

ಸಿಂಧನೂರು ಭಜನೆ · ಗುರುವಾರ ರಾತ್ರಿ 10:05

ಎರಡು ದಿನ ಕರೆಂಟ್ ಬಂದು ಹೋಗಿ ಮಾಡುತ್ತಿತ್ತು, ಅದಕ್ಕೆ ತಡ.

ಪೆಟ್ಟಿಗೆ ಮುಂದೆ ಡೈರೆಕ್ಟ್ ಬಟನ್ ಇತ್ತು. ಮೂರು ತಿಂಗಳಿಂದ ಅಲ್ಲೇ ಇತ್ತು, ನಾನು ಒತ್ತಿಯೇ ಇರಲಿಲ್ಲ. ಹೆಡ್‌ಫೋನ್ ಅಲ್ಲಿಗೆ ಬದಲಾಯಿಸಿ ಒತ್ತಿದೆ. ಮುತ್ಯಾ ಹೆಡ್‌ಫೋನ್ ಹಾಕಿಕೊಂಡು ಮೊದಲು ಗಂಟಲು ಸರಿ ಮಾಡಿಕೊಂಡರು, ಆ ಸದ್ದು ಅವರಿಗೇ ಕೇಳಿ ತಲೆ ಎತ್ತಿ ನನ್ನ ಕಡೆ ನೋಡಿದರು. ಆಮೇಲೆ ಹಾರ್ಮೋನಿಯಂ ತಿದಿ ಎಳೆದರು. ಪದ ಆರು ನಿಮಿಷ, ಎಲ್ಲೂ ನಿಲ್ಲಿಸಲಿಲ್ಲ.

ಕ್ವಾಂಟಮ್ 256 ಸರಿ ನಡೆಯುತ್ತದೆ. 128 ಮಾಡಿದರೆ ಇಆರ್‌ಆರ್ ಏರುತ್ತದೆ, ಚಟಪಟ ಸದ್ದು ಬರುತ್ತದೆ. ಹೆಡ್‌ಫೋನ್ ಜಾಗ, ಕ್ವಾಂಟಮ್ ಎರಡೂ ಬದಲಾದದ್ದರಿಂದ ಟಕ್ ಟಕ್ ಪರೀಕ್ಷೆ ಮತ್ತೆ ಮಾಡಿದೆ, 141, 142, 141 ಬಂತು. ಕಾಂಪೆನ್ಸೇಷನ್ ಮೈನಸ್ 141 ಹಾಕಿದ್ದೇನೆ. ಈಗ ಕಾಕಾನ ತಾಳ ಜೂಮ್ ಮಾಡಿ ನೋಡಿದರೆ ಹಾರ್ಮೋನಿಯಂ ಮಟ್ಟಿನ ಮೇಲೇ ಕೂರುತ್ತದೆ. ಕಾಕಾಗೆ 18 ಮೀಟರ್ ಲೆಕ್ಕ ಹೇಳಿದೆ, ಎದ್ದು ಹೋಗಿ ಅಂಗಳದಲ್ಲಿ ಹೆಜ್ಜೆ ಹಾಕಿ ಅಳೆದು ಬಂದರು.

ಒಂದು ಪ್ರಶ್ನೆ ಉಳಿದಿದೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಪಿಡಬ್ಲ್ಯೂ-ಟಾಪ್‌ನಲ್ಲಿ ಮತ್ತೆ 1024 ಬರುತ್ತದೆ.

ಗಂಗಾವತಿ ರಿಪೇರಿ · ಗುರುವಾರ ರಾತ್ರಿ 10:20

ಬರುತ್ತದೆ, ಆ ಕಮಾಂಡ್ ನೆನಪಿಟ್ಟುಕೊಳ್ಳುವುದಿಲ್ಲ. ಹಾಗೇ ಇರಲಿ, ಉಳಿದ ಹೊತ್ತು ಸಿನಿಮಾ ನೋಡಲು 1024 ಒಳ್ಳೆಯದು, ಯಂತ್ರಕ್ಕೂ ಹಗುರ. ರೆಕಾರ್ಡಿಂಗ್ ದಿನ ಮಾತ್ರ ಕಮಾಂಡ್ ಕೊಡಿ, ಟಕ್ ಟಕ್ ಒಂದು ಸಲ ಅಳೆಯಿರಿ, 141 ಬಂದರೆ ಮುತ್ಯಾನನ್ನು ಕರೆಯಿರಿ. ಕರೆಂಟ್ ಹೀಗೇ ಇದ್ದರೆ ಒಂದು ಯುಪಿಎಸ್ ನೋಡಿಕೊಳ್ಳಿ. ಪದ ಮುಗಿದ ಕೂಡಲೇ ಸೇವ್ ಮಾಡಿ, ಪೆನ್‌ಡ್ರೈವ್‌ಗೆ ಒಂದು ಪ್ರತಿ, ಬೇರೆ ಮನೆಯಲ್ಲಿ ಇನ್ನೊಂದು ಪ್ರತಿ.

ಎಷ್ಟು ಪದ ಆಯಿತು?

ಸಿಂಧನೂರು ಭಜನೆ · ಗುರುವಾರ ರಾತ್ರಿ 10:22

ಮೂರು. ಇನ್ನೂ ನಲವತ್ತರ ಹತ್ತಿರ ಇವೆ ಅಂತಾರೆ. ನಾಳೆ ಬೆಳಿಗ್ಗೆ ಮತ್ತೆ ಕೂರುತ್ತಾರಂತೆ.